ಎದೆ ಭಾರ ಎಂಬ ಮಾತು

ಆ ಬೀದಿಯಲ್ಲಿ ಅವಳನ್ನು ಎಲ್ಲರೂ ಭುಜದಕ್ಕ ಎಂದೇ ಕರೆಯುತ್ತಿದ್ದರು. ಬೆನ್ನ ಹಿಂದೆ ಮಾತ್ರವಲ್ಲ, ಎದುರಿಗೂ. ಅವಳಿಗೆ ಅದರಲ್ಲಿ ಬೇಜಾರೇನೂ ಇರಲಿಲ್ಲ. ಹತ್ತೊಂಬತ್ತು ವರ್ಷ ಆಸ್ಪತ್ರೆಯೊಂದರ ಫಿಸಿಯೋಥೆರಪಿ ವಿಭಾಗದಲ್ಲಿ ಕಟ್ಟು ಬಿಚ್ಚಿದ ಕೈಗಳನ್ನೂ ಮರಗಟ್ಟಿದ ಭುಜಗಳನ್ನೂ ಎತ್ತಿಸಿ ಇಳಿಸಿ ಸವೆದವಳು. ಅಷ್ಟು ವರ್ಷ ಭುಜ ಹಿಡಿದವಳಿಗೆ ಭುಜದ ಹೆಸರು ಅಂಟಿಕೊಂಡರೆ ಅನ್ಯಾಯವೇನಿದೆ?

ಅಲ್ಲಿ ಅವಳು ಒಂದು ವಿಚಿತ್ರವನ್ನು ಕಂಡಿದ್ದಳು. ಮರಗಟ್ಟಿದ ತೋಳನ್ನು ನಿಧಾನವಾಗಿ ಕಿವಿಯ ಮಟ್ಟಕ್ಕೆ ಎತ್ತಿಸುವಾಗ, ಒಂದು ಘಟ್ಟದಲ್ಲಿ, ಗಟ್ಟಿಮುಟ್ಟಾದ ಗಂಡಸರು ಕೂಡ ಗಳಗಳನೆ ಅತ್ತುಬಿಡುತ್ತಿದ್ದರು. ನೋವಿಗಲ್ಲ, ನೋವಿನ ಅಳು ಬೇರೆ ಥರ, ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕೇಳಿದರೆ ಅವರಿಗೂ ತಿಳಿಯದು. "ಏನೋ ನೆನಪಾಯ್ತು ಸಿಸ್ಟರ್" ಎಂದು ಅಂಗಿಯ ತೋಳಲ್ಲಿ ಮುಖ ಒರೆಸಿಕೊಳ್ಳುತ್ತಿದ್ದರು. ಡಾಕ್ಟರಿಗೆ ಹೇಳಿದರೆ ಅವರು ಇನ್ನೊಂದು ಮಾತ್ರೆ ಬರೆಯುತ್ತಿದ್ದರು. ನಾಲ್ಕು ಸಲ ಹೇಳಿ ನೋಡಿ, ಐದನೆಯ ಸಲ ಅವಳು ಡಾಕ್ಟರಿಗೆ ಹೇಳುವುದನ್ನೇ ಬಿಟ್ಟಳು. ನಲವತ್ತಾರನೆಯ ವಯಸ್ಸಿನಲ್ಲಿ, ಮಗಳ ಪ್ರಾಯದ ಹುಡುಗಿಯರ ಪಕ್ಕ ಬೆಂಚಿನಲ್ಲಿ ಕೂತು ಎರಡು ವರ್ಷ ಆಪ್ತಸಮಾಲೋಚನೆ ಓದಿದಳು. ಆಮೇಲೆ ಕೆಲಸಕ್ಕೆ ರಾಜೀನಾಮೆ ಕೊಟ್ಟು, ಕನ್ನಡಕದ ಅಂಗಡಿಯೊಂದಿದ್ದ ಕಟ್ಟಡದ ಮೂರನೆಯ ಮಹಡಿಯಲ್ಲಿ ಎರಡು ಕೋಣೆ ಹಿಡಿದಳು. ಹೊರಕೋಣೆಯಲ್ಲಿ ಒಂದು ಬೆಂಚು, ನೀರಿನ ಜಗ್ಗು. ಒಳಕೋಣೆಯಲ್ಲಿ ನಾಲ್ಕು ಕುರ್ಚಿ, ಒಂದು ದಪ್ಪ ಚಾಪೆ, ಅವಳು ಕೂರುವ ಜಾಗದ ಎದುರಿಗೆ ಗೋಡೆ ಗಡಿಯಾರ.

ಅಲ್ಲಿಗೆ ಬರುತ್ತಿದ್ದವರು ಹುಚ್ಚರಲ್ಲ, ನಮ್ಮ ನಿಮ್ಮಂಥವರೇ. ನಿದ್ದೆ ಬಾರದವರು, ಆಫೀಸಿನ ಮೆಟ್ಟಿಲು ಹತ್ತುವಾಗ ಕೈ ಬೆವರುವವರು, ಒಂದೇ ಮನೆಯಲ್ಲಿದ್ದು ಮಾತು ಬಿಟ್ಟ ಗಂಡ ಹೆಂಡತಿ. ಅವರನ್ನೆಲ್ಲ ಕೂರಿಸಿಕೊಂಡು ಅವಳು ಕೇಳುತ್ತಿದ್ದ ಪ್ರಶ್ನೆ ಒಂದೇ: "ಎಲ್ಲಿ?"

ಯಾಕೆ ಎಂದು ಅವಳು ಕೇಳುತ್ತಿರಲಿಲ್ಲ. ಯಾಕೆ ಎಂದರೆ ಜನ ವಕೀಲರಾಗಿಬಿಡುತ್ತಾರೆ ಎಂಬುದು ಅವಳ ಅನುಭವ. ಎಲ್ಲಿ ಎಂದರೆ ಒಂದು ಕ್ಷಣ ತಬ್ಬಿಬ್ಬಾಗಿ, ಆಮೇಲೆ ಕೈ ತಾನಾಗಿ ಮೈಯ ಯಾವುದೋ ಜಾಗಕ್ಕೆ ಹೋಗುತ್ತದೆ. ಅದರಲ್ಲೂ ನಮ್ಮ ಭಾಷೆಯವರಿಗೆ ಇದು ಕಷ್ಟವೇನಲ್ಲ. ನನಗೆ ದುಃಖವಾಗಿದೆ ಎಂದು ನಾವು ಹೇಳುವುದು ಪತ್ರದಲ್ಲಿ ಮಾತ್ರ. ಮನೆಯಲ್ಲಿ ನಮ್ಮದು ಕರುಳು ಕಿತ್ತು ಬರುತ್ತದೆ, ಹೊಟ್ಟೆ ಉರಿಯುತ್ತದೆ, ಗಂಟಲು ಕಟ್ಟುತ್ತದೆ, ಕೈಕಾಲು ಆಡುವುದಿಲ್ಲ. ಭುಜದಕ್ಕ ಆ ಮಾತುಗಳನ್ನು ಅಕ್ಷರಶಃ ನಂಬಿದಳು. ಗಂಟಲು ಕಟ್ಟಿದೆ ಎಂದವರಿಗೆ ಗಂಟಲ ಮೇಲೆ ಕೈಯಿಟ್ಟುಕೊಳ್ಳಲು ಹೇಳಿ, "ಓಡಿಸಬೇಡಿ, ಅದರ ಪಕ್ಕ ಸ್ವಲ್ಪ ಹೊತ್ತು ಕೂತ್ಕೊಳ್ಳಿ, ಏನು ಹೇಳುತ್ತೆ ನೋಡೋಣ" ಎನ್ನುತ್ತಿದ್ದಳು. ಎಷ್ಟೋ ಸಲ ಅದು ಹೇಳುತ್ತಿತ್ತು ಕೂಡ.

ಅವಳ ಗಂಡ ಮುದ್ರಣಾಲಯದಲ್ಲಿ ಕರಡು ತಿದ್ದುವವನು. ಪದಗಳ ಜೊತೆ ಬಾಳಿ ಬಾಳಿ ಅವನ ನಾಲಿಗೆ ಚುರುಕಾಗಿತ್ತು. "ನಿನ್ನ ಹತ್ರ ತಲೆ ಕೆಟ್ಟಿದೆ ಅಂತ ಹೇಳೋಕೂ ಭಯ ಕಣೇ, ಬಿಚ್ಚಿ ನೋಡೋಣ ಅಂದುಬಿಡ್ತೀಯ" ಎಂದು ಕಿಚಾಯಿಸುತ್ತಿದ್ದ. ಆದರೆ ಅವಳು ಹಾಗೆಲ್ಲ ಉಡಾಫೆಯವಳಲ್ಲ. ಎದೆ, ತಲೆ, ಹೊಟ್ಟೆ ಎಂದು ಬಂದವರನ್ನು ಮೊದಲು ಡಾಕ್ಟರ ಹತ್ತಿರ ಕಳಿಸಿ, ಅವರ ಕಾಗದ ನೋಡಿದ ಮೇಲೆಯೇ ಕೂರಿಸಿಕೊಳ್ಳುವುದು ಅವಳು ತನಗೇ ಹಾಕಿಕೊಂಡಿದ್ದ ನಿಯಮ. ಎಂಟು ವರ್ಷ ಅದನ್ನು ಮುರಿದಿರಲಿಲ್ಲ.

ಲಿಫ್ಟ್ ಮೆಕ್ಯಾನಿಕ್ಕನ ಕುಟುಂಬ ಬಂದದ್ದು ಒಂಬತ್ತನೆಯ ವರ್ಷದಲ್ಲಿ. ಗಂಡ, ಹೆಂಡತಿ, ಹತ್ತೊಂಬತ್ತು ವರ್ಷದ ಮಗಳು. ಕರೆತಂದದ್ದು ಹೆಂಡತಿ. ಅವಳು ಹೋಟೆಲುಗಳ ಹಾಸಿಗೆ ಬಟ್ಟೆ ಒಗೆದು ಇಸ್ತ್ರಿ ಮಾಡುವ ಲಾಂಡ್ರಿಯಲ್ಲಿ ಕೆಲಸಕ್ಕಿದ್ದಳು. ನಿದ್ದೆಯಲ್ಲಿ ಹಲ್ಲು ಕಚ್ಚಿ ಕಚ್ಚಿ ಅವಳ ಒಂದು ದವಡೆ ಹಲ್ಲು ಸೀಳಿಹೋಗಿತ್ತು. ಮಗಳು ಎರಡು ಅಂಗೈಯನ್ನೂ ರಕ್ತ ಬರುವಷ್ಟು ಕೆರೆದುಕೊಂಡಿದ್ದಳು, ಯಾವ ಮುಲಾಮಿಗೂ ಬಗ್ಗದ ತುರಿಕೆ. ಗಂಡನಿಗೆ ಏನೂ ಇರಲಿಲ್ಲ. ಹಾಗೆಂದು ಅವನೇ ಹೇಳಿದ. "ನಂಗೇನಿಲ್ಲ. ಇವರಿಬ್ಬರನ್ನ ನೋಡಿ."

ಆರು ತಿಂಗಳ ಹಿಂದೆ ಅವನ ತಮ್ಮ ಕೆಲಸದಲ್ಲಿ ಸತ್ತಿದ್ದ. ಅಣ್ಣತಮ್ಮಂದಿರಿಬ್ಬರೂ ಒಂದೇ ಕಂಪನಿಯಲ್ಲಿ, ಒಂದೇ ಜೋಡಿಯಾಗಿ ದುಡಿಯುತ್ತಿದ್ದವರು. ಹನ್ನೊಂದು ಮಹಡಿಯ ಕಟ್ಟಡವೊಂದರಲ್ಲಿ ಅಣ್ಣ ಮೇಲೆ ಯಂತ್ರದ ಕೋಣೆಯಲ್ಲಿ, ತಮ್ಮ ಕೆಳಗೆ ಲಿಫ್ಟಿನ ಗುಂಡಿಯಲ್ಲಿ ಹಳಿಗೆ ಗ್ರೀಸು ಹಚ್ಚುತ್ತಿದ್ದ. ಲಿಫ್ಟು ಇಳಿಯಿತು. ಲಿಫ್ಟು ಅಲುಗದಂತೆ ಗುಂಡಿಯಲ್ಲಿರುವವನು ತಾನೇ ಹಾಕಿಕೊಳ್ಳಬೇಕಿದ್ದ ತಡೆಬೀಗವನ್ನು ಹಾಕಿಕೊಂಡಿರಲಿಲ್ಲ ಎಂದು ವಿಚಾರಣೆಯಲ್ಲಿ ತೀರ್ಮಾನವಾಯಿತು. ತಪ್ಪು ಸತ್ತವನದೇ ಎಂದಾಯಿತು, ಫೈಲು ಮುಚ್ಚಿತು. ಅವತ್ತಿನಿಂದ ಅಣ್ಣ ಲಿಫ್ಟು ಮುಟ್ಟಲಿಲ್ಲ. ಕಂಪನಿಯವರು ಉಗ್ರಾಣದ ಕೆಲಸಕ್ಕೆ ಹಾಕಿದರು. ಮನೆಯಲ್ಲಿ ಅವನು ಮಾತಿಗೆ ಉತ್ತರ ಕೊಡುತ್ತಿದ್ದ, ಅಷ್ಟೇ. ತಾನಾಗಿ ಒಂದು ಮಾತೂ ಇಲ್ಲ. ಅವನ ಮೌನ ಮನೆಯ ಇನ್ನಿಬ್ಬರ ಮೈಮೇಲೆ ಎದ್ದಿತ್ತು, ಒಬ್ಬಳ ದವಡೆಗೆ, ಇನ್ನೊಬ್ಬಳ ಅಂಗೈಗೆ.

ಭುಜದಕ್ಕ ನಿಯಮದಂತೆ ಕಾಗದ ಕೇಳಿದಳು. ಗಂಡನಿಗೆ ಕಂಪನಿ ಮಾಡಿಸಿದ್ದ ತಪಾಸಣೆಯ ಕಾಗದಗಳಿದ್ದವು. ಇಸಿಜಿ ಸರಿಯಿತ್ತು. ರಕ್ತ ಪರೀಕ್ಷೆ ಸರಿಯಿತ್ತು. ಅವಳು ಫೈಲಿನಲ್ಲಿ ಗುರುತು ಹಾಕಿಕೊಂಡಳು.

ಪ್ರತಿ ಗುರುವಾರ ಹನ್ನೊಂದು ಗಂಟೆಗೆ ಅವರು ಬಂದರು. ಕಟ್ಟಡದಲ್ಲಿ ಲಿಫ್ಟು ಇತ್ತು. ತಾಯಿ ಮಗಳು ಅದರಲ್ಲಿ ಬಂದರೆ ಅವನು ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತ ಬರುತ್ತಿದ್ದ. ಮೊದಲು ಮೂವರೂ ಒಟ್ಟಿಗೆ ಕೂರುವುದು, ಆಮೇಲೆ ಒಬ್ಬೊಬ್ಬರೇ. ಮೂರನೆಯ ವಾರ ಮಗಳು ಗಂಟಲು ಹಿಡಿದುಕೊಂಡು ಚಿಕ್ಕಪ್ಪನ ಹೆಸರು ಹೇಳಿ ಅತ್ತಳು, ಆ ವಾರ ತುರಿಕೆ ಅರ್ಧಕ್ಕಿಳಿಯಿತು. ಐದನೆಯ ವಾರ ಹೆಂಡತಿ ದವಡೆ ಸಡಿಲಿಸುವುದನ್ನು ಕಲಿತಳು, ದವಡೆಯ ಹಿಂದೆಯೇ ಗಂಡನ ಮೇಲಿನ ಸಿಟ್ಟು ಹೊರಬಂತು. ಮನೆಯಲ್ಲಿ ತಾಯಿ ಮಗಳು ಈಗ ಒಬ್ಬರನ್ನೊಬ್ಬರು "ಎಲ್ಲಿ?" ಎಂದು ಕೇಳಿಕೊಳ್ಳುತ್ತಿದ್ದರಂತೆ. ಅಡುಗೆಮನೆಯಲ್ಲಿ, ಬಸ್ಸಿಗೆ ಕಾಯುವಾಗ. ಅಪ್ಪನನ್ನೂ ಬಿಡುತ್ತಿರಲಿಲ್ಲ. ಅವನು ಮಾತ್ರ ತಲೆಯಾಡಿಸಿ, "ಎಲ್ಲೂ ಇಲ್ಲ" ಎನ್ನುತ್ತಿದ್ದ. ಭುಜದಕ್ಕ ಅವರಿಗೆ ತಾಳ್ಮೆ ಹೇಳಿದಳು. "ಅವರ ಮೈ ಒಂದಲ್ಲ ಒಂದು ದಿನ ಬಾಯಿ ಬಿಡುತ್ತೆ. ಬಿಟ್ಟಾಗ ನಾವು ಕೇಳಿಸಿಕೊಳ್ಳಬೇಕು. ಗಾಬರಿಬಿದ್ದು ಮುಚ್ಚಿಸಬಾರದು, ಅಷ್ಟೇ." ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅವಳಿಗೆ ಆ ಕುಟುಂಬದ ಮೇಲೆ ಪ್ರೀತಿ ಬೆಳೆದುಬಿಟ್ಟಿತ್ತು, ಅದೂ ತಪ್ಪಲ್ಲ.

ಹನ್ನೊಂದನೆಯ ಗುರುವಾರ ಅವನು ಮೆಟ್ಟಿಲು ಹತ್ತಿ ಬಂದಾಗ ಮುಖ ಬಿಳಿಚಿತ್ತು. ಎಂದಿನಂತೆ ಏದುಸಿರು. "ಇವತ್ತು ಮೊದಲು ಇವರೊಬ್ಬರನ್ನೇ ಕೂರಿಸಿಕೊಳ್ಳಿ ಅಕ್ಕಾ" ಎಂದು ಹೆಂಡತಿ ಹೊರಕೋಣೆಯ ಬೆಂಚಿನಲ್ಲಿ ಮಗಳ ಪಕ್ಕ ಕೂತಳು. ಇಬ್ಬರ ಮುಖದಲ್ಲೂ ಏನೋ ಒಂದು ನಿರೀಕ್ಷೆಯಿತ್ತು. ಭುಜದಕ್ಕ ಬಾಗಿಲು ಮುಚ್ಚಿದಳು.

ಕುರ್ಚಿಯಲ್ಲಿ ಕೂತವನು ತುಂಬ ಹೊತ್ತು ನೆಲ ನೋಡಿದ. ಎದುರಿನ ಗಡಿಯಾರದಲ್ಲಿ ಹನ್ನೊಂದೂಕಾಲು ಆದಾಗ ಅವನು, "ಎದೆ ಭಾರ ಆಗ್ತಿದೆ" ಅಂದ.

ಅವಳ ಮುಖದಲ್ಲಿ ಏನೂ ಕಾಣಿಸಲಿಲ್ಲ, ಕಾಣಿಸದಂತೆ ನೋಡಿಕೊಳ್ಳುವುದು ಅವಳ ಕಸುಬು. ಒಳಗೆ ಮಾತ್ರ ಕುಣಿದಾಡುವಷ್ಟು ಖುಷಿಯಾಯಿತು. ಹತ್ತು ವಾರ ಕಾದ ಮಾತದು.

"ಎಷ್ಟು ಭಾರ?"

"ಲಿಫ್ಟಿಗೆ ಎದುರು ತೂಕ ಅಂತ ಹಾಕ್ತೀವಲ್ಲ, ಕಬ್ಬಿಣದ ಗಟ್ಟಿಗಳು. ಅದನ್ನ ಒಂದರ ಮೇಲೊಂದು ಜೋಡಿಸಿದ ಹಾಗೆ."

"ಹೂಂ. ಅಲ್ಲೇ ಇರಿ. ಓಡಿಸಬೇಡಿ."

ಅವನು ಕಣ್ಣು ಮುಚ್ಚಿದ. ಸ್ವಲ್ಪ ಹೊತ್ತಾದ ಮೇಲೆ, "ಎಡಗೈ ಜೋಮು ಹಿಡೀತಿದೆ" ಅಂದ.

ಇಲ್ಲಿ ನಿಲ್ಲಬೇಕಿತ್ತು. ಆಸ್ಪತ್ರೆಯಲ್ಲಿ ಹತ್ತೊಂಬತ್ತು ವರ್ಷ ಕಳೆದವಳು, ಎದೆ ಭಾರ, ಎಡಗೈ ಜೋಮು ಎಂದರೆ ಏನೆಂದು ನಿದ್ದೆಯಲ್ಲಿ ಕೇಳಿದರೂ ಹೇಳಬಲ್ಲವಳು. ಬೀದಿಯಲ್ಲಿ ಯಾರೋ ಅಪರಿಚಿತ ಹೇಳಿದ್ದರೆ ಓಡಿಹೋಗಿ ಫೋನು ಎತ್ತುತ್ತಿದ್ದಳು. ಆದರೆ ಇದು ಆ ಕೋಣೆ, ಆ ಕುರ್ಚಿ, ಅವಳು ಕಾದಿದ್ದ ಮನುಷ್ಯ. ಅವಳ ಬಾಯಿಂದ ಬಂದದ್ದು ಅವಳ ಕಸುಬಿನ ಪ್ರಶ್ನೆ.

"ಅವತ್ತು ಆ ಕೈಯಲ್ಲಿ ಏನಿತ್ತು?"

ಅವನು ಕಣ್ಣು ತೆರೆದು ಅವಳನ್ನು ನೋಡಿದ. ಎಡಗೈಯನ್ನೂ ನೋಡಿಕೊಂಡ. ಆಮೇಲೆ ಹೇಳತೊಡಗಿದ.

ಆ ಕೈಯಲ್ಲಿ ವಾಕಿಟಾಕಿ ಇತ್ತು. ಬಲಗೈ ಲಿಫ್ಟು ಇಳಿಸುವ ಬಟನ್ನಿನ ಮೇಲೆ. ಕೆಳಗಿನಿಂದ ತಮ್ಮ ಹೇಳಿದ ಹಾಗೆ ಲಿಫ್ಟನ್ನು ಇಷ್ಟಿಷ್ಟೇ ಇಳಿಸುವುದು, ನಿಲ್ಲಿಸುವುದು. ವರ್ಷಗಟ್ಟಲೆ ಮಾಡಿದ ಕೆಲಸ. ಆ ಹೊತ್ತಿಗೆ ವಾಕಿಟಾಕಿ ಕರಕರ ಎನ್ನುತ್ತಿತ್ತು. ತಮ್ಮ ಏನೋ ಅಂದ. ಇವನಿಗೆ "ನಡಿ ಅಣ್ಣ" ಎಂದು ಕೇಳಿಸಿತು. ಒತ್ತಿದ.

"ಅವನು ಅಂದಿದ್ದು ತಡಿ ಅಂತ. ತಡಿ ಅಣ್ಣ. ಒತ್ತಿದ ಮೇಲೆ ಗೊತ್ತಾಯ್ತು, ಇನ್ನೊಂದು ಸಲ ಜೋರಾಗಿ ಅಂದ."

ವಿಚಾರಣೆಯಲ್ಲಿ ಇದನ್ನು ಯಾರೂ ಕೇಳಲಿಲ್ಲ. ತಡೆಬೀಗ ಹಾಕಿರಲಿಲ್ಲ, ಅದು ನಿಜ, ಅಷ್ಟು ಸಾಕಾಯಿತು ಅವರಿಗೆ. ಇವನೂ ಸುಮ್ಮನಾದ. ತಮ್ಮನ ತಲೆಯ ಮೇಲೆ ತಪ್ಪು ಹೊರಿಸಿ ಬಂದ ಹಾಗಾಯಿತು. ಇದನ್ನೆಲ್ಲ ಅವನು ತುಂಡು ತುಂಡಾಗಿ, ನಡುನಡುವೆ ಉಸಿರೆಳೆದುಕೊಳ್ಳುತ್ತ, ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡು ಹೇಳಿದ. ಬೆವರು ಕಿತ್ತುಬರುತ್ತಿತ್ತು. ಆ ಕೋಣೆಯಲ್ಲಿ ಅಷ್ಟು ಬೆವರಿದವರನ್ನು ಅವಳು ಬೇಕಾದಷ್ಟು ಕಂಡಿದ್ದಳು. ಮೈ ಬಾಯಿ ಬಿಡುತ್ತಿದೆ ಎಂದುಕೊಂಡಳು. ಟವೆಲು ಕೊಟ್ಟಳು.

"ಹೊರಗೆ ಕೂತಿದಾಳಲ್ಲ ನನ್ನ ಹೆಂಡ್ತಿ, ಅವಳಿಗೆ ಇದನ್ನ ಹೇಳಬೇಕು" ಅಂದ ಅವನು. "ನನ್ನ ಕೈಲಾಗದಿದ್ರೆ ನೀವು ಹೇಳಿ."

"ಹೇಳ್ತೀನಿ" ಎಂದು ಮಾತು ಕೊಟ್ಟಳು.

ಅವನು ತಲೆಯಾಡಿಸಿದ. ಆಮೇಲೆ ಅವನ ತುಟಿಯ ಬಣ್ಣ ಹೋಯಿತು. ಕುರ್ಚಿಯಿಂದ ಪಕ್ಕಕ್ಕೆ ವಾಲಿದವನನ್ನು ಅವಳು ಹಿಡಿದುಕೊಂಡಾಗಲೇ, ಆ ಭಾರ ತನ್ನ ತೋಳಿಗೆ ಬಿದ್ದಾಗಲೇ, ಅವಳಿಗೆ ಎಲ್ಲ ಹೊಳೆಯಿತು. ಗಡಿಯಾರದಲ್ಲಿ ಹನ್ನೊಂದು ಮೂವತ್ತೇಳು.

ಚಾಪೆಯ ಮೇಲೆ ಮಲಗಿಸಿ ಎದೆ ಒತ್ತಿದಳು. ಮಗಳು ಆಂಬುಲೆನ್ಸಿಗೆ ಫೋನು ಮಾಡಿದಳು. ಬಂದವರು ಅವನನ್ನು ಸ್ಟ್ರೆಚರಿಗೆ ಹಾಕಿಕೊಂಡರು. ಲಿಫ್ಟಿನಲ್ಲಿ ಸ್ಟ್ರೆಚರು ಹಿಡಿಸದೆ ಮೆಟ್ಟಿಲಲ್ಲೇ ಇಳಿಸಿದರು. ಅವರಲ್ಲೊಬ್ಬ ಕೈಯಲ್ಲಿ ಕಾಗದ ಹಿಡಿದು, "ನೋವು ಯಾವಾಗ ಶುರುವಾಯ್ತು?" ಎಂದು ಕೇಳಿದ. ಹೆಂಡತಿ ಭುಜದಕ್ಕನ ಮುಖ ನೋಡಿದಳು.

"ಈಗಷ್ಟೇ" ಎಂದಳು ಭುಜದಕ್ಕ.

ಯೋಚಿಸಿ ಆಡಿದ ಸುಳ್ಳಲ್ಲ ಅದು, ನಾಲಿಗೆ ತಾನಾಗಿ ಹೊರಳಿತು. ಅವನು ಫೋನು ಬಂದ ಹೊತ್ತನ್ನೇ ಲೆಕ್ಕ ಹಿಡಿದು ಹನ್ನೊಂದು ನಲವತ್ತು ಎಂದು ಬರೆದುಕೊಂಡ. ಆಸ್ಪತ್ರೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಆಮೇಲಿನ ದಿನಗಳಲ್ಲಿ ಅವಳಿಗೆ ಶಿಕ್ಷೆಯಾಗಬಹುದೆಂದು ನೀವು ಎಣಿಸಿದ್ದರೆ, ಆಗಲಿಲ್ಲ. ಆದದ್ದು ಅದಕ್ಕಿಂತ ಕೆಟ್ಟದ್ದು. ಮೂರು ವಾರ ಕಳೆದು ಅವನ ಹೆಂಡತಿ ಬಂದು ಅವಳ ಎರಡೂ ಕೈ ಹಿಡಿದುಕೊಂಡಳು. "ಬಾಗಿಲ ಆಚೆ ನಮಗೆ ಮಾತು ತಿಳೀಲಿಲ್ಲ ಅಕ್ಕಾ, ಆದ್ರೆ ದನಿ ಕೇಳಿಸ್ತಿತ್ತು. ಎಷ್ಟು ತಿಂಗಳಾಗಿತ್ತು ಅವರು ಒಟ್ಟಿಗೆ ಅಷ್ಟು ಮಾತಾಡಿ. ಹಗುರಾಗಿ ಹೋದ್ರು. ನಿಮ್ಮಿಂದ."

"ಅವರು ಏನು ಹೇಳಿದ್ರು ಅಂದ್ರೆ…" ಎಂದು ಭುಜದಕ್ಕ ಶುರುಮಾಡಿದಳು.

"ಈಗ ಬೇಡ. ನಾನೇ ಕೇಳ್ತೀನಿ. ಈಗ ಕೇಳಿಸಿಕೊಳ್ಳೋ ಶಕ್ತಿ ಇಲ್ಲ."

ಭುಜದಕ್ಕನಿಗೆ ಆಗ ಬದುಕಿಕೊಂಡೆ ಅನ್ನಿಸಿತು. ಹಾಗನ್ನಿಸಿದ್ದಕ್ಕೆ ತನ್ನ ಮೇಲೆ ತನಗೇ ಹೇಸಿಗೆಯೂ ಆಯಿತು. ಅವನು ಹೇಳಿದ್ದನ್ನು ಹೇಳುತ್ತೇನೆಂದು ಮಾತು ಕೊಟ್ಟಿದ್ದಳು. ಆದರೆ ಆ ಕಥೆ ಶುರುವಾಗುವುದೇ ಜೋಮು ಹಿಡಿದ ಎಡಗೈಯಿಂದ. ಅದನ್ನು ಹೇಳಿ ಇಪ್ಪತ್ತೆರಡು ನಿಮಿಷವನ್ನು ಬಚ್ಚಿಡುವುದು ಹೇಗೆ?

ವಿಧವೆ ಸುಮ್ಮನಿರಲಿಲ್ಲ. ಲಾಂಡ್ರಿಯ ತನ್ನ ಜೊತೆಯವರನ್ನು ಒಬ್ಬೊಬ್ಬರಾಗಿ ಕಳಿಸಿದಳು. "ನಮ್ಮೆಜಮಾನ್ರನ್ನ ಕೊನೇ ಗಳಿಗೇಲಿ ಮಾತಾಡಿಸಿದವರು" ಎಂಬ ಭುಜದಕ್ಕನ ಕೀರ್ತಿ ಕೇಳಿಕೊಂಡು ಅವರು ಬಂದರು. ಮಗಳು ಗುರುವಾರಗಳನ್ನು ಬಿಡಲಿಲ್ಲ. ಅವಳ ಅಂಗೈ ಮತ್ತೆ ಕೆಟ್ಟಿತು, ಮತ್ತೆ ನಿಧಾನವಾಗಿ ಮಾಯತೊಡಗಿತು. ಈಗ ಅವಳು ಅಪ್ಪನ ಬಗ್ಗೆ ಮಾತಾಡುವಾಗ ಒಮ್ಮೊಮ್ಮೆ ನಗುತ್ತಿದ್ದಳು. ಆ ನಗು ಕಂಡಾಗಲೆಲ್ಲ ಭುಜದಕ್ಕ ಗಡಿಯಾರದ ಕಡೆ ನೋಡದಿರಲು ಕಷ್ಟಪಡುತ್ತಿದ್ದಳು. ಕೊನೆಗೆ ಅದನ್ನು ಗೋಡೆಯಿಂದ ತೆಗೆಸಿದಳು.

ಕೆಲಸವೂ ಕೆಟ್ಟಿತು. ಎದೆ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಎದ್ದು ನಿಲ್ಲುತ್ತಿದ್ದಳು. "ಮೊದಲು ಆಸ್ಪತ್ರೆಗೆ ನಡೀರಿ." ಹೆಂಡತಿ ಬಿಟ್ಟುಹೋದ ಬ್ಯಾಂಕಿನ ಗುಮಾಸ್ತನೊಬ್ಬ ಮೂರು ಸಲ ಇಸಿಜಿ ಮಾಡಿಸಿಕೊಂಡು ಬಂದು, "ಅವಳು ನನ್ನ ಎದೆ ಒಡೆದುಹೋದಳು ಅಂದ್ರೆ ಅದು ಮಾತಿಗೆ ಅನ್ನೋದು ಮೇಡಂ. ನನ್ನ ಹಾರ್ಟು ಕುದುರೆ ಹಾಗಿದೆಯಂತೆ. ಈಗಲಾದ್ರೂ ನನ್ನ ಕಷ್ಟ ಕೇಳ್ತೀರಾ?" ಎಂದು ಗೋಗರೆದ. ಅವಳು ಕೇಳಿದಳು, ಆದರೆ ಕಿವಿಯಿಂದಲ್ಲ. ಅವನ ತುಟಿಯ ಬಣ್ಣವನ್ನೇ ನೋಡುತ್ತ ಕೂತಿದ್ದಳು. ಅವನು ಮತ್ತೆ ಬರಲಿಲ್ಲ.

ಗಂಡನಿಗೆ ಎಲ್ಲವನ್ನೂ ಹೇಳಿದ್ದಳು. ಅವನು ಕಿಚಾಯಿಸುವುದನ್ನು ಬಿಟ್ಟಿದ್ದ.

"ಹೇಳಿದ್ರೆ ಯಾರಿಗೆ ಹಗುರ? ಅವರಿಗಾ, ನಿಂಗಾ?" ಎಂದು ಒಂದು ಸಂಜೆ ಕೇಳಿದ.

"ಗೊತ್ತಿಲ್ಲ ರೀ."

"ಕಂಪನಿಯವರು ಫೈಲು ಮುಚ್ಚಿದ್ರು, ಆ ಲಿಫ್ಟಿನವನು ಬಾಯಿ ಮುಚ್ಕೊಂಡ. ಅವನಿಗೆ ಏನಾಯ್ತು ಅಂತ ನೀನೇ ನೋಡಿದ್ಯ. ನಾನು ಬೇಡ ಅನ್ನಲ್ಲ. ಆದ್ರೆ ಆ ಹೆಂಗಸು ಹಗುರಾಗಿ ಹೋದ್ರು ಅನ್ನೋ ಒಂದು ಮಾತು ಹಿಡ್ಕೊಂಡು ನಿಂತಿದಾಳೆ ಕಣೇ. ಅದನ್ನ ಕಿತ್ಕೊಳ್ಳೋ ಮುಂಚೆ ಕೈಗೆ ಬೇರೆ ಏನು ಕೊಡ್ತೀಯ, ಯೋಚನೆ ಮಾಡು."

ಅವಳು ಯೋಚಿಸಿದಳು. ಕೊಡಲು ಏನೂ ಹೊಳೆಯಲಿಲ್ಲ. ಅಷ್ಟರಲ್ಲಿ ವಿಧವೆಯೇ ಫೋನು ಮಾಡಿದಳು. ತಪ್ಪೆಲ್ಲ ಸತ್ತವನ ಮೇಲೆ ಬಿದ್ದಾಗಿನಿಂದ ಮೈದುನನ ಹೆಂಡತಿ ಮಾತು ಬಿಟ್ಟಿದ್ದಾಳೆ, ಎರಡು ಮನೆ ಒಡೆದು ಹೋಗಿವೆ, ಅವತ್ತು ತನ್ನ ಯಜಮಾನರು ಏನು ಹೇಳಿದರೆಂದು ಈಗ ಗೊತ್ತಾಗಬೇಕು ಎಂದಳು. "ನಾಳೆ ಮಧ್ಯಾಹ್ನ ಲಾಂಡ್ರಿಗೇ ಬನ್ನಿ ಅಕ್ಕಾ. ಊಟದ ಹೊತ್ತಲ್ಲಿ ಅಲ್ಲಿ ಯಾರೂ ಇರಲ್ಲ."

ಲಾಂಡ್ರಿಯೆಂದರೆ ಉದ್ದನೆಯ ಶೆಡ್ಡು. ಒಂದು ತುದಿಯಲ್ಲಿ ಒಗೆಯುವ ಯಂತ್ರಗಳು, ನಡುವೆ ಬಿಸಿ ಉರುಳೆಯ ಇಸ್ತ್ರಿ, ಈ ತುದಿಯಲ್ಲಿ ಮಡಚುವ ಮೇಜು. ಯಂತ್ರಗಳು ನಿಂತಿದ್ದರೂ ಹಬೆಯ ಸೆಕೆ ಹಾಗೇ ಇತ್ತು. ಮೇಜಿನ ಪಕ್ಕದ ಗಾಡಿಯಲ್ಲಿ ಬಿಳಿಯ ಹಾಸುಗಳ ರಾಶಿ.

"ಮಾತಾಡ್ತಾ ಮುಗಿಸಿಬಿಡ್ತೀನಿ, ತಪ್ಪು ತಿಳ್ಕೋಬೇಡಿ" ಎಂದು ವಿಧವೆ ಒಂದು ಹಾಸನ್ನು ಎಳೆದು ಅದರ ಎರಡು ಮೂಲೆಗಳನ್ನು ಅವಳ ಕೈಗೆ ಕೊಟ್ಟಳು. ಇಬ್ಬರೂ ಎದುರುಬದುರು ನಿಂತರು. ಉದ್ದಕ್ಕೆ ಒಂದು ಮಡಿಕೆ, ಮತ್ತೊಂದು, ಹತ್ತಿರ ಬಂದು ತುದಿಗಳನ್ನು ಸೇರಿಸುವುದು.

ಭುಜದಕ್ಕ ವಾಕಿಟಾಕಿಯ ಕಥೆ ಹೇಳಿದಳು. ತಡಿ ಎಂದದ್ದು ನಡಿ ಎಂದು ಕೇಳಿಸಿದ ಕಥೆ. ವಿಧವೆಯ ಕೈ ನಿಂತಿತು.

"ಅಷ್ಟೇನಾ?" ಅಂದಳು. "ಒಂದಕ್ಷರಾನಾ?"

"ಹೂಂ."

"ನನ್ನ ಮೈದುನ ಚಿಕ್ಕಂದಿನಿಂದ ಮಾತು ನುಂಗಿ ನುಂಗಿ ಆಡ್ತಿದ್ದ. ನಾವೆಲ್ಲ ಆಡ್ಕೊಂಡು ನಗ್ತಿದ್ವಿ ಅವನನ್ನ." ಅವಳು ಹಾಸಿನ ಅಂಚಿನಿಂದ ಕಣ್ಣು ಒರೆಸಿಕೊಂಡು, ಒರೆಸಿಕೊಂಡದ್ದು ಹೋಟೆಲಿನ ಹಾಸೆಂದು ನೆನಪಾಗಿ ಅದನ್ನು ಬೇರೆ ಇಟ್ಟು ಮತ್ತೊಂದನ್ನು ಎಳೆದುಕೊಂಡಳು. "ಬೈತಿರಲಿಲ್ಲ ನಾನು. ನಂಗೆ ಹೇಳಿದ್ರೆ ಬೈತಿರಲಿಲ್ಲ. ಅವನ ಹೆಂಡ್ತಿಗೂ ನಾನೇ ಹೋಗಿ ಹೇಳ್ತಿದ್ದೆ."

ಇಲ್ಲಿಗೇ ನಿಲ್ಲಿಸಬಹುದಿತ್ತು. ಕೊಟ್ಟ ಮಾತು ಉಳಿಯಿತು, ಎರಡು ಮನೆ ಒಂದಾಗಲು ದಾರಿಯೂ ಆಯಿತು. ಇವತ್ತು ಆಡದಿದ್ದರೆ ಇನ್ನು ಯಾವತ್ತೂ ಆಡುವುದಿಲ್ಲವೆಂದು ಭುಜದಕ್ಕನಿಗೆ ಗೊತ್ತಿತ್ತು.

"ಇನ್ನೊಂದಿದೆ" ಅಂದಳು. "ಅವರಿಗೆ ನೋವು ಶುರುವಾಗಿದ್ದು ಹನ್ನೊಂದು ನಲವತ್ತಕ್ಕಲ್ಲ. ಹನ್ನೊಂದೂಕಾಲಿಗೆ. ಎದೆ ಭಾರ ಅಂದ್ರು, ಕೈ ಜೋಮು ಅಂದ್ರು. ನಾನು ದುಃಖ ಅಂದ್ಕೊಂಡೆ. ಅಲ್ಲೇ ಇರಿ, ಓಡಿಸಬೇಡಿ ಅಂದೆ. ಇಪ್ಪತ್ತೆರಡು ನಿಮಿಷ ಕೂರಿಸಿಕೊಂಡೆ. ಆಂಬುಲೆನ್ಸಿನವರ ಹತ್ರ ಈಗಷ್ಟೇ ಅಂತ ಸುಳ್ಳು ಹೇಳಿದೆ. ಅವರು ಹಗುರಾಗಿ ಹೋಗಲಿಲ್ಲಮ್ಮ. ನಾನು ಕಳೆದುಬಿಟ್ಟೆ ಅವರನ್ನ."

ಬೈಗುಳಕ್ಕೆ, ಏಟಿಗೆ ಸಿದ್ಧವಾಗಿಯೇ ಬಂದಿದ್ದಳು. ಎರಡೂ ಬರಲಿಲ್ಲ. ವಿಧವೆ ಕೈಲಿದ್ದ ಹಾಸನ್ನು ಮಡಚಿದಳು, ಮಡಚಿದ್ದನ್ನು ಬಿಚ್ಚಿದಳು, ಮತ್ತೆ ಮಡಚಿದಳು.

"ಹನ್ನೊಂದೂಕಾಲಲ್ಲ ಅಕ್ಕಾ" ಅಂದಳು. "ಏಳೂವರೆ."

"ಏನು?"

"ಬೆಳಿಗ್ಗೆ ಏಳೂವರೆ. ಶೂ ಹಾಕ್ಕೊಳ್ತಾ ಅಂದ್ರು, ಎದೆ ಯಾಕೋ ಭಾರ ಅಂತ. ಮಗಳು ಓಡಿಬಂದು ತಬ್ಬಿಕೊಂಡ್ಲು, ಕೊನೆಗೂ ಹೇಳಿದ್ಯಲ್ಲಪ್ಪ ಅಂತ. ನಂಗೂ ಕಣ್ಣಲ್ಲಿ ನೀರು ಬಂತು, ಖುಷಿಗೆ. ಇವರು ಡಾಕ್ಟರ ಹತ್ರ ಹೋಗಿ ಬರ್ಲಾ ಅಂದ್ರು. ಬೇಡಪ್ಪ, ಅವರು ಮಾತ್ರೆ ಕೊಟ್ಟು ಮತ್ತೆ ಮುಚ್ಚಿಸಿಬಿಡ್ತಾರೆ, ಹನ್ನೊಂದಕ್ಕೆ ಅಕ್ಕನ ಹತ್ರಾನೇ ಹೇಳು ಅಂದ್ಲು. ನಾನೂ ಹೂಂ ಅಂದೆ."

ಮುಚ್ಚಿಸಬಾರದು ಎಂಬ ಮಾತು ಭುಜದಕ್ಕನದೇ. ಆ ಹುಡುಗಿ ಅದನ್ನು ಅಕ್ಷರ ತಪ್ಪದೆ ಮನೆಗೆ ಹೊತ್ತುಕೊಂಡು ಹೋಗಿದ್ದಳು.

"ಆಮೇಲೆ ಭಯ ಆಯ್ತು" ಅಂದಳು ವಿಧವೆ. "ಆಂಬುಲೆನ್ಸಿನವರ ಕಾಗದ ನೋಡಿದೆ. ಅದರಲ್ಲಿ ಹನ್ನೊಂದು ನಲವತ್ತು ಅಂತಿತ್ತು. ಸದ್ಯ ಅಂದ್ಕೊಂಡೆ. ಬೆಳಿಗ್ಗೆದು ದುಃಖ, ಆಮೇಲೆ ಬಂದದ್ದು ಹಾರ್ಟು. ಅದು ಬೇರೆ, ಇದು ಬೇರೆ. ಮಗಳಿಗೂ ಹಾಗೇ ಹೇಳಿ ಹೇಳಿ ನಂಬಿಸಿದೆ. ಆ ಕಾಗದ ತೋರಿಸಿ."

ಹೊರಗೆ ಊಟ ಮುಗಿಸಿದವರ ಮಾತು ಹತ್ತಿರವಾಗುತ್ತಿತ್ತು. ವಿಧವೆ ಮೊದಲ ಬಾರಿಗೆ ತಲೆಯೆತ್ತಿ ಅವಳನ್ನು ನೇರವಾಗಿ ನೋಡಿದಳು.

"ಏಳೂವರೆಗೇ ಕರ್ಕೊಂಡು ಹೋಗಿದ್ರೆ ಉಳೀತಿದ್ರಾ?"

ಗೊತ್ತಿಲ್ಲ ಎನ್ನಬಹುದಿತ್ತು. ಡಾಕ್ಟರನ್ನು ಕೇಳಿ ಎನ್ನಬಹುದಿತ್ತು. ಒಂದು ಸಲ ನಾಲಿಗೆ ಹೊರಳಿದ್ದು ಸಾಕೆನಿಸಿತು ಅವಳಿಗೆ.

"ಉಳೀತಿದ್ರು ಅನ್ಸುತ್ತೆ" ಅಂದಳು.

ವಿಧವೆ ಅಲ್ಲೇ ಗಾಡಿಯ ಅಂಚಿನ ಮೇಲೆ ಕೂತಳು. ದವಡೆ ಕಚ್ಚಿಕೊಂಡದ್ದು ಕೆನ್ನೆಯ ಮೇಲೆ ಕಾಣುತ್ತಿತ್ತು. ಭುಜದಕ್ಕನಿಗೆ ಅವಳ ಬೆನ್ನ ಮೇಲೆ ಕೈಯಿಡಬೇಕೆನಿಸಿತು. ಆ ಹಕ್ಕು ತನಗಿಲ್ಲವೆನಿಸಿ ಸುಮ್ಮನೆ ನಿಂತಳು. ಮೈಯ ಬಗ್ಗೆ ಅಷ್ಟು ತಿಳಿದವಳಿಗೆ ತನ್ನ ಎರಡು ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ.

ಹೆಂಗಸರು ಒಬ್ಬೊಬ್ಬರಾಗಿ ಒಳಬಂದರು. ಯಾರೋ ಯಂತ್ರದ ಸ್ವಿಚ್ಚು ಹಾಕಿದರು. ವಿಧವೆ ಎದ್ದು ಕೆನ್ನೆ ಒರೆಸಿಕೊಂಡು, ಗದ್ದಲದಲ್ಲಿ ಕೇಳಿಸಲೆಂದು ಅವಳ ಕಿವಿಯ ಹತ್ತಿರ ಬಂದಳು.

"ಮಗಳು ಗುರುವಾರ ಬರ್ತಾಳೆ. ಬಿಡಿಸಬೇಡಿ, ಈಗಷ್ಟೇ ಕೈ ಮಾಯ್ತಿದೆ. ಇದನ್ನೆಲ್ಲ ನಂಗೆ ಹೇಳಿದ ಹಾಗೆ ಅವಳಿಗೆ ಹೇಳಬೇಡಿ. ಅವಳಿಗೆ ಹನ್ನೊಂದು ನಲವತ್ತೇ ಇರಲಿ."

ಭುಜದಕ್ಕ ತಲೆಯಾಡಿಸಿದಳು. ವಿಧವೆ ಗಾಡಿಯಿಂದ ಇನ್ನೊಂದು ಹಾಸನ್ನು ಎಳೆದು, ಅದರ ಮೂಲೆಗಳನ್ನು ಈ ಸಲ ತನ್ನ ಜೊತೆಯವಳ ಕೈಗೆ ಕೊಟ್ಟಳು.